ಅಪ್ಪನ ಕಣ್ಣು, ಲಂಡನ್ನಿನ ದೀಪ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ. ಸುಧಾ ಕೈಲಿ ಬರೆಸಿ ಕಳಿಸಿದ ಪತ್ರ ಓದಿದೆ. ಬೀದಿ ದೀಪದ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ ಅಂತ ಅಪ್ಪ ಹೇಳುತ್ತಾರಂತೆ, ಡಾಕ್ಟರು ಪೊರೆ ಅಂದ ಮೇಲೂ ಯುಗಾದಿ ಕಳೆಯಲಿ ಅಂತ ಮುಂದೂಡುತ್ತಿದ್ದಾರಂತೆ. ಇದು ಸರಿಯಲ್ಲ.

ನಿನ್ನೆ ಕೆಲಸ ಮುಗಿಸಿ ರೀಜೆಂಟ್ ಸ್ಟ್ರೀಟ್‌ಗೆ ಕ್ರಿಸ್‌ಮಸ್ ದೀಪ ನೋಡಲು ಹೋಗಿದ್ದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ 4ಕ್ಕೇ ಕತ್ತಲು. ರಸ್ತೆಯ ಮೇಲೆ ರೆಕ್ಕೆ ಚಾಚಿದ ದೇವತೆಗಳು, ಎಲ್ಲ ಬರೀ ದೀಪದಲ್ಲೇ. ಅಪ್ಪನಿಗೆ ಇದರ ಕಥೆ ಓದಿ ಹೇಳು. ಯುದ್ಧದಲ್ಲಿ ವಿಮಾನಗಳಿಗೆ ಊರು ಕಾಣಬಾರದು ಅಂತ 1939ರಲ್ಲಿ ಇಡೀ ಲಂಡನ್ ದೀಪ ಆರಿಸಿತ್ತು. ಯುದ್ಧ ಮುಗಿದರೂ ಕಲ್ಲಿದ್ದಲಿಗೆ ತತ್ವಾರ, ಹಾಗಾಗಿ ಅಂಗಡಿ, ಜಾಹೀರಾತಿನ ದೀಪ ಮತ್ತೆ ಹತ್ತಿದ್ದು 1949ರಲ್ಲಿ. ರೇಷನ್ ಪೂರ್ತಿ ನಿಂತಿದ್ದು 1954ರಲ್ಲಿ, ಅದೇ ವರ್ಷ ಈ ಬೀದಿಯ ವ್ಯಾಪಾರಿಗಳ ಸಂಘದವರು ಮೊದಲ ಸಲ ಕ್ರಿಸ್‌ಮಸ್ ದೀಪ ಕಟ್ಟಿಸಿದರು. ಪಕ್ಕದ ಆಕ್ಸ್‌ಫರ್ಡ್ ಸ್ಟ್ರೀಟ್‌ನವರು ಶುರು ಮಾಡಿದ್ದು 1959ರಲ್ಲಿ. ದುಡ್ಡಿನ ಮುಗ್ಗಟ್ಟು ಬಂದು 1976, 1977ರಲ್ಲಿ ಅಲ್ಲಿ ದೀಪವೇ ಇರಲಿಲ್ಲ. ಇಷ್ಟು ದೊಡ್ಡ ಊರಿಗೂ ಹಾಗಾಗಿತ್ತು ನೋಡು.

ನಿನಗೆ ಇಷ್ಟವಾಗುವುದು ಇಲ್ಲಿಯ ಟ್ರಫಾಲ್ಗರ್ ಸ್ಕ್ವೇರ್‌ನ ಕ್ರಿಸ್‌ಮಸ್ ಮರ. ಯುದ್ಧದಲ್ಲಿ ಮಾಡಿದ ಸಹಾಯಕ್ಕೆ ಅಂತ 1947ರಿಂದ ಪ್ರತಿ ವರ್ಷ ನಾರ್ವೆಯ ಓಸ್ಲೋ ನಗರದವರು ಕಳಿಸುತ್ತಾರೆ. ಮರ ಸಣಕಲು ಅಂತ ಇಲ್ಲಿಯವರು ಗೊಣಗುತ್ತಾರೆ, ನನಗಂತೂ ಕೊಟ್ಟವರ ಮನಸ್ಸೇ ದೊಡ್ಡದು ಅನಿಸಿತು. ಹಾಗಂತ ನಮ್ಮ ಮೈಸೂರು ಅರಮನೆಯ ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹತ್ತುವುದಕ್ಕೆ ಇದ್ಯಾವುದೂ ಸಾಟಿಯಲ್ಲ. ಪಕ್ಕದಲ್ಲಿ ನಿಂತಿದ್ದವರಿಗೂ ಅದನ್ನೇ ಹೇಳಿ ಫೋಟೋ ತೋರಿಸಿದೆ.

ಅಷ್ಟು ದೀಪದ ನಡುವೆಯೂ ತಲೆಯಲ್ಲಿದ್ದದ್ದು ಅಪ್ಪನ ಸ್ಕೂಟರ್. ಎದುರಿನ ಗಾಡಿಯ ಲೈಟು ಕಣ್ಣಿಗೆ ಬಿದ್ದರೆ ಅವರಿಗೆ ರಸ್ತೆಯೇ ಕಾಣುವುದಿಲ್ಲ ಅಲ್ವಾ? ಕತ್ತಲಾದ ಮೇಲೆ ಬೀಗದ ಕೈ ನಿನ್ನ ಹತ್ತಿರವೇ ಇರಲಿ, ಬೈದರೆ ಬೈಸಿಕೋ. ಪೊರೆ ಬಲಿಯಲಿ ಅಂತ ಕಾಯುವುದು ಅಜ್ಜನ ಕಾಲದ ಮಾತು. ಜಾಸ್ತಿ ಬಲಿತರೆ ತೆಗೆಯುವುದೇ ಕಷ್ಟ. ಈಗ ಸಾಮಾನ್ಯವಾಗಿ ಅರ್ಧ ಗಂಟೆಯೂ ಬೇಕಿಲ್ಲ, ಪೊರೆ ತೆಗೆದು ಲೆನ್ಸ್ ಕೂರಿಸುತ್ತಾರೆ, ಅವತ್ತೇ ಮನೆಗೆ ಬರಬಹುದು. ಸಕ್ಕರೆ ಮಾತ್ರ ಹತೋಟಿಯಲ್ಲಿರಬೇಕು. ಆಮೇಲೆ ಡ್ರಾಪ್ಸ್ ತಪ್ಪಿಸಬಾರದು, ಕಣ್ಣು ಉಜ್ಜಬಾರದು.

ದುಡ್ಡಿಗಾಗಿ ಹಿಂದೆಮುಂದೆ ನೋಡುತ್ತಿದ್ದಾರೆ ಅಂತ ನನಗೆ ಗೊತ್ತು. ನಿನ್ನ ಖಾತೆಗೆ ಇವತ್ತೇ ಹಾಕಿದ್ದೇನೆ, ಚೀಟಿಗೆ ಕಟ್ಟಬೇಡ. ನನಗೆ ಇಲ್ಲಿ ಏನೂ ಕಡಿಮೆಯಿಲ್ಲ, ನಿಜವಾಗಿ, ಬೇಕಾದಷ್ಟಿದೆ, ಸುಮ್ನೆ ಯೋಚನೆ ಮಾಡಬೇಡ. ಏನೂ ಆಗುವುದಿಲ್ಲ, ಎಲ್ಲ ಸರಿಹೋಗುತ್ತದೆ.

ಸೋಮವಾರ ಸುಧಾನ ಜೊತೆ ಹೋಗಿ ದಿನ ಗೊತ್ತು ಮಾಡಿಕೊಂಡು ಬನ್ನಿ. ಸಕ್ಕರೆ ರಿಪೋರ್ಟ್ ಫೋಟೋ ತೆಗೆದು ಕಳಿಸು. ಕೆಲಸಕ್ಕೆ ಹೊತ್ತಾಯಿತು, ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ,
ರಘು