ನೋರಾ ಪಾರ್ಟು ಮಾಡ್ತಿರೋ ನಮ್ಮ ಪುಟ್ಟಿಗೆ

ಪುಟ್ಟಿ,

ಮೊನ್ನೆ ನೀನು ಕಳಿಸಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳ್ದೆ. ನಾರ್ವೆಯ ಇಬ್ಸೆನ್ ಬರೆದ 'ಎ ಡಾಲ್ಸ್ ಹೌಸ್' ನಾಟಕದಲ್ಲಿ ನೋರಾ ಪಾರ್ಟೇ ಸಿಕ್ತು ಅನ್ನೋ ಖುಷಿ ಒಂದ್ಕಡೆ, ಆಮೇಲೆ ದನಿ ಇಳಿಸಿ, ಆಫೀಸ್ ಮುಗಿಸಿ ಏಳೂವರೆಗೆ ರಿಹರ್ಸಲ್‌ಗೆ ಓಡೋ ನಂಥೋರಿಂದ ಏನಾಗತ್ತೆ ಮಾವ, ಇದಕ್ಕೆಲ್ಲ ಫುಲ್‌ಟೈಮ್ ಇರೋರೇ ಬೇಕು ಅಂದ್ಯಲ್ಲ, ಅದು ನಂಗೆ ತಡೀಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಪ್ಯಾರಿಸ್‌ನಲ್ಲಿ ಆಂದ್ರೆ ಆಂತ್ವಾನ್ ಅಂತ ಒಬ್ಬ ಇದ್ದ. ಗ್ಯಾಸ್ ಕಂಪನೀಲಿ ಗುಮಾಸ್ತ. ಹಗಲೆಲ್ಲ ಅಲ್ಲಿ ಕೆಲಸ, ಸಂಜೆ ಮೇಲೆ ನಾಟಕ. 1887ರ ಮಾರ್ಚಲ್ಲಿ ಮೊದಲನೇ ಶೋ, ಮೊಂಮಾರ್ತ್ ಕಡೆ ಒಂದು ಗಲ್ಲೀಲಿ ಪುಟ್ಟ ಹಾಲು, ಸೆಟ್ಟಿಗೆ ಕೈಯಲ್ಲಿ ಕಾಸಿಲ್ಲ, ಅಮ್ಮನ ಹತ್ರ ಮನೇಲಿದ್ದ ಮೇಜು ಕುರ್ಚಿ ಕೇಳ್ಕೊಂಡು, ಕೈಗಾಡಿ ಮೇಲೆ ಹೇರಿ, ತಾನೇ ರಸ್ತೇಲಿ ತಳ್ಕೊಂಡು ಹೋದ. ಅದೇ ಮುಂದೆ ಹೆಸರಾದ ತಿಯಾತ್ರ್ ಲೀಬ್ರ್, ಅಂದ್ರೆ ಸ್ವತಂತ್ರ ರಂಗಭೂಮಿ ಅನ್ನೋ ತಂಡ. ಅದನ್ನ ನೋಡ್ಕೊಂಡು 1889ರಲ್ಲಿ ಬರ್ಲಿನ್‌ನೋರು, 1891ರಲ್ಲಿ ಲಂಡನ್‌ನೋರು ತಮ್ಮ ತಮ್ಮ ತಂಡ ಕಟ್ಟಿದ್ರು. 1888ರಲ್ಲಿ ಆಂತ್ವಾನ್ ಮಾಂಸದಂಗಡಿ ದೃಶ್ಯಕ್ಕೆ ನಿಜವಾದ ಮಾಂಸಾನೇ ಸ್ಟೇಜಲ್ಲಿ ನೇತುಹಾಕಿದ್ದ, ಎಲ್ರೂ ಆ ಕಥೇನೇ ಹೇಳ್ತಾರೆ. ನಂಗೆ ಮಾತ್ರ ಆ ಕೈಗಾಡಿನೇ ದೊಡ್ಡದು.

ಹೀಗೆ ನಿಜವಾದ ಮನೆ, ನಿಜವಾದ ಬದುಕನ್ನೇ ಸ್ಟೇಜಿಗೆ ತರೋದು ಆಗಲೇ ಯಾಕೆ ಶುರುವಾಯ್ತು ಅಂತ ಕೇಳಿದ್ಯಲ್ಲ. ಒಂದು, ಬೆಳಕು. ಮೊದಲು ಮೇಣದಬತ್ತಿ, ಎಣ್ಣೆ ದೀಪ, ಮುಖ ಕಾಣಬೇಕಾದ್ರೆ ನಟ ಸ್ಟೇಜಿನ ಮುಂದಕ್ಕೇ ಬಂದು ಜನರ ಕಡೆ ತಿರುಗಿ ಡೈಲಾಗ್ ಹೊಡೀಬೇಕಿತ್ತು. 1817ಕ್ಕೆ ಲಂಡನ್ ಥಿಯೇಟರುಗಳಿಗೆ ಗ್ಯಾಸ್ ದೀಪ ಬಂತು, 1881ರಲ್ಲಿ ಸವಾಯ್ ಥಿಯೇಟರಿಗೆ ಕರೆಂಟೂ ಬಂತು, ಹಿಂದೆ ಮೂಲೇಲಿ ಕೂತೋನ ಬೆರಳು ಆಡಿದ್ರೂ ಕಾಣೋ ಹಾಗಾಯ್ತು. ಇನ್ನೊಂದು, ಊರುಗಳೇ ಬದಲಾಗಿದ್ವು. ಫ್ಯಾಕ್ಟರಿ, ಬ್ಯಾಂಕು, ಸಾಲ, ಬಾಡಿಗೆ ಮನೆ. ಇಬ್ಸೆನ್‌ನ ಈ ನಾಟಕ 1879ರ ಡಿಸೆಂಬರ್ 21ಕ್ಕೆ ಕೋಪನ್‌ಹೇಗನ್‌ನಲ್ಲಿ ಸ್ಟೇಜಿಗೆ ಬಂದಾಗ ಅದರಲ್ಲಿ ರಾಜನೂ ಇಲ್ಲ, ಕತ್ತಿನೂ ಇಲ್ಲ, ಗಂಡ ಬ್ಯಾಂಕ್ ಮ್ಯಾನೇಜರ್ ಆಗ್ತಿದಾನೆ, ಹೆಂಡ್ತಿ ನೋರಾ ಸಾಲದ ಪತ್ರಕ್ಕೆ ಅಪ್ಪನ ಸೈನ್ ತಾನೇ ಹಾಕಿದಾಳೆ. ಅಷ್ಟೇ. ಅಷ್ಟಕ್ಕೇ ಯುರೋಪೆಲ್ಲ ಜಗಳ ಆಡ್ತು.

ಅದಕ್ಕೇ ಹೇಳೋದು, ಕೊನೇಲಿ ನೋರಾ ಗಂಡ ಮಕ್ಕಳನ್ನ ಬಿಟ್ಟು ಬಾಗಿಲು ಹಾಕ್ಕೊಂಡು ಹೋಗೋ ಸೀನ್ ಬಗ್ಗೆ ಈಗಲೇ ತಲೆ ಕೆಡಿಸ್ಕೋಬೇಡ, ಶುರುನಲ್ಲಿ ಗಂಡ ಬೇಡ ಅಂದ ಮ್ಯಾಕರೂನ್ ಅನ್ನೋ ಸಿಹಿ ತಿಂಡಿ ಕದ್ದು ತಿಂದು ಬಾಯಿ ಒರೆಸ್ಕೊಳ್ತಾಳಲ್ಲ, ಅದನ್ನ ಒಂದು ವಾರ ಪ್ರಾಕ್ಟೀಸ್ ಮಾಡು. ನಿಮ್ಮಜ್ಜಿಗೆ ಶುಗರ್ ಬಂದ್ಮೇಲೆ ಉಗ್ರಾಣಕ್ಕೆ ಹೋಗಿ ಬೆಲ್ಲದ ಚೂರು ಬಾಯಿಗೆ ಹಾಕ್ಕೊಂಡು ಬರೋರು. ಸೆರಗಲ್ಲಿ ಒರೆಸ್ಕೊಳ್ತಿರ್ಲಿಲ್ಲ. ತುಟಿ ಮುಚ್ಕೊಂಡು ಒಳಗೇ ನಾಲಿಗೇಲಿ ಹಲ್ಲು ಸವರ್ಕೊಂಡು, ನಾನು ಕಂಡ ತಕ್ಷಣ ಕೈ ತೋರಿಸಿ ಬಿಂದಿಗೆ ತಗೊಂಡು ಬಾ ಅಂತ ಸನ್ನೆ ಮಾಡೋರು. ಆ ಸನ್ನೆ ಇದ್ಯಲ್ಲ, ಅದನ್ನ ಯಾವ ಆಕ್ಟಿಂಗ್ ಕ್ಲಾಸಲ್ಲೂ ಕಲಿಸಲ್ಲ ಕಣೆ. ಆಫೀಸಲ್ಲಿ ದಿನಕ್ಕೆ ಎಂಟು ಗಂಟೆ ಜನರ ಮಧ್ಯ ಇರ್ತೀಯ, ಕಣ್ಣು ಬಿಟ್ಕೊಂಡು ನೋಡು.

ಭಾಷೆ ಬಗ್ಗೆನೂ ಒಂದ್ಮಾತು. ಅನುವಾದ ಪುಸ್ತಕದ ಕನ್ನಡ ಆಯ್ತು, ಬಾಯಿಗೆ ಹೊರಳಲ್ಲ ಅಂದೆ. ಡೈರೆಕ್ಟರ್ ಹತ್ರ ಕೂತು ನಿನ್ನ ಮಾತಿಗೆ ತಂದ್ಕೋ, ಹೆದರಬೇಡ. ಜರ್ಮನೀಲಿ ಹೌಪ್ಟ್‌ಮನ್ ಅನ್ನೋ ನಾಟಕಕಾರ 1844ರ ನೇಕಾರರ ದಂಗೆ ಮೇಲೆ ನಾಟಕ ಬರೆದಾಗ ಮೊದಲು ಬರೆದಿದ್ದು ಆ ದಂಗೆ ನಡೆದ ಸೈಲೀಸಿಯಾ ಕಡೆ ಆಡುಮಾತಲ್ಲೇ, ಅವನ ತಾತನೂ ನೇಕಾರ ಆಗಿದ್ದೋನು. ಮೊದಲನೇ ಅಂಕದಲ್ಲಿ ನೇಯ್ದ ಬಟ್ಟೆ ಒಪ್ಪಿಸೋಕೆ ಕ್ಯೂ ನಿಂತಿದಾರೆ, ಮೇಸ್ತ್ರಿ ಒಂದೊಂದು ತಪ್ಪು ತೆಗೆದು ಕೂಲಿ ಕಡಿತಾ ಇದಾನೆ, ಅಲ್ಲೇ ಒಂದು ಹುಡುಗ ಹಸಿವಿಗೆ ಕುಸಿದು ಬೀಳ್ತಾನೆ. ಬರ್ಲಿನ್ ಪೊಲೀಸ್ನೋರು ಆ ನಾಟಕಾನ ಬ್ಯಾನ್ ಮಾಡಿದ್ರು. ನಮ್ಮ ಕೈಲಾಸಂನೇ ನೋಡು, ಲಂಡನ್‌ನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದೋರು, 1918ರಲ್ಲಿ 'ಟೊಳ್ಳುಗಟ್ಟಿ' ಮಾಡಿದಾಗ ನಮ್ಮ ಮನೆಗಳ ಇಂಗ್ಲಿಷ್ ಬೆರೆತ ಮಾತನ್ನೇ ಸ್ಟೇಜಿಗೆ ತಂದ್ರು.

ಇನ್ನು, ನೋರಾ ಮಕ್ಕಳಿಗೋಸ್ಕರ ಉಳ್ಕೊಳ್ಳೋ ಹಾಗೆ ಕೊನೆ ಬದಲಾಯಿಸೋಣ ಅಂತ ನಿಮ್ಮ ತಂಡದಲ್ಲಿ ಮಾತು ನಡೀತಿದೆ ಅಂದೆ. ಒಪ್ಕೋಬೇಡ. ಜರ್ಮನೀಲಿ ಒಬ್ಬ ದೊಡ್ಡ ನಟಿ ನಾನು ಮಕ್ಕಳನ್ನ ಬಿಟ್ಟು ಹೋಗಲ್ಲ ಅಂತ ಹಟ ಹಿಡಿದಾಗ, ಬೇರೆಯೋರು ಕೆಡಿಸೋದಕ್ಕಿಂತ ನಾನೇ ಬರೀತೀನಿ ಅಂತ ಇಬ್ಸೆನ್ನೇ ಆ ಥರ ಕೊನೆ ಬರೆದುಕೊಟ್ಟ, ಕೊಟ್ಟು ಅದನ್ನ ಅನಾಗರಿಕ ಕೆಲಸ ಅಂತ ತಾನೇ ಬೈದ. ಇದನ್ನ ಅವರಿಗೂ ಹೇಳು, ಮರ್ಯಾದೆಯಿಂದಾನೇ ಹೇಳು, ಆದ್ರೆ ಬಿಟ್ಟುಕೊಡಬೇಡ.

ಸೆಟ್ ಬಾಡಿಗೆ ಜಾಸ್ತಿ ಅಂದ್ಯಲ್ಲ. ಅಜ್ಜಿ ಬೆತ್ತದ ಕುರ್ಚಿ ನಮ್ಮನೆ ಅಟ್ಟದಲ್ಲೇ ಇದೆ, ಒಂದು ಕಾಲು ಅಲ್ಲಾಡತ್ತೆ, ಶನಿವಾರದೊಳಗೆ ಬಡಗಿ ಹತ್ರ ಸರಿ ಮಾಡಿಸಿಟ್ಟಿರ್ತೀನಿ. ಆಟೋ ತಗೊಂಡು ಬಾ.

ನಿನ್ನ ಮಾವ