ಅಮ್ಮ, ನೀನು ನಕ್ಕಿದ್ದರಲ್ಲಿ ತಪ್ಪಿಲ್ಲ

ಸ್ಟುಟ್‌ಗಾರ್ಟ್
ನವೆಂಬರ್ 26

ಪ್ರೀತಿಯ ಅಮ್ಮ,

ಕರ್ತನಲ್ಲಿ ವಂದನೆ. ನಾನು ಚೆನ್ನಾಗಿದ್ದೇನೆ. ಮೊನ್ನೆ ನೀನು ಹೇಳಿದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ, ಅದಕ್ಕೇ ಕಾಗದ ಬರೆಯಲು ಕೂತೆ. ಫೋನಿನಲ್ಲಾದರೆ ಇಬ್ಬರಿಗೂ ಗಂಟಲು ಕಟ್ಟುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ.

ಅನ್ಯೋನ್ಯ ಕೂಟದಲ್ಲಿ ಯಾರೋ ಏನೋ ಹೇಳಿದ್ದಕ್ಕೆ ನಿನಗೆ ಜೋರಾಗಿ ನಗು ಬಂತು, ಅಪ್ಪ ಹೋಗಿ ಐದು ತಿಂಗಳೂ ತುಂಬಿಲ್ಲ, ಮನೆಗೆ ಬಂದು ಅವರ ಫೋಟೋ ನೋಡಲು ಧೈರ್ಯ ಆಗಲಿಲ್ಲ, ಆಮೇಲೆ ಎರಡು ವಾರ ಕೂಟಕ್ಕೇ ಹೋಗಲಿಲ್ಲ ಅಂದೆಯಲ್ಲ. ಅಮ್ಮ, ನೀನು ನಕ್ಕಿದ್ದರಲ್ಲಿ ಏನೂ ತಪ್ಪಿಲ್ಲ. ಮಣ್ಣಿನ ದಿನ "ವಿಶ್ವಾಸಿಗಳು ಹೀಗೆ ಅಳಬಾರದು" ಅಂತ ನಿನಗೆ ಬುದ್ಧಿ ಹೇಳಿದರಲ್ಲ, ತಪ್ಪು ಆ ಮಾತಿನಲ್ಲಿತ್ತು. ಸತ್ತಿದ್ದ ಲಾಜರನನ್ನು ಎಬ್ಬಿಸುವುದಕ್ಕೇ ಬಂದವನು ಯೇಸು. ಆದರೂ ಲಾಜರನ ಸಹೋದರಿ ಮರಿಯಳು ಅಳುವುದನ್ನು ನೋಡಿ ಮೊದಲು ತಾನೂ ಕಣ್ಣೀರು ಬಿಟ್ಟ. ಅಳಬೇಡ ಅಂತ ಆ ಅಕ್ಕತಂಗಿಯರನ್ನು ಗದರಲಿಲ್ಲ.

ನಿನಗೆ 2019ರ ಆಗಸ್ಟ್ ನೆನಪಿದೆಯಾ? ಹಿಂದಿನ ವರ್ಷ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ನಾವು ಅಕ್ಕಿ, ಕಂಬಳಿ ಕಟ್ಟಿ ಕಳಿಸಿದ್ದೆವು. ಮರುವರ್ಷ ಕಾವೇರಿ ಕರಡಿಗೋಡಿಗೇ ನುಗ್ಗಿ ಚಿಕ್ಕಮ್ಮನ ಮನೆಯಲ್ಲಿ ಗೋಡೆ ಮಾತ್ರ ಉಳಿಯಿತು. ಗಂಜಿ ಕೇಂದ್ರದಲ್ಲಿ ನಾವೆಲ್ಲ ಏನು ಹೇಳುವುದೆಂದು ತಿಳಿಯದೆ ಸುಮ್ಮನೆ ಕೂತಿದ್ದಾಗ ಮಕ್ಕಂದೂರು ಕಡೆಯಿಂದ ಒಂದು ಜೀಪು ಬಂತು. ಅದರಿಂದ ಇಳಿದ ಆ ಹೆಂಗಸು ವಚನ ಹೇಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಚಿಕ್ಕಮ್ಮನ ಪಕ್ಕದಲ್ಲಿ ಚಾಪೆ ಮೇಲೆ ಕೂತು, "ಪಹಣಿ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಮೊದಲು ಹುಡುಕಿ. ಅಕ್ಕಿ ಹೇಗಾದರೂ ಸಿಗುತ್ತೆ, ಅವು ಸಿಗಲ್ಲ" ಅಂದರು. ಮಣ್ಣಿನಡಿ ಎಲ್ಲ ಕಳೆದುಕೊಂಡವರು ಆಡುವ ಮಾತು ಅದು. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದ ಚಿಕ್ಕಮ್ಮ ಅವರ ಹೆಗಲಿಗೊರಗಿ ಅತ್ತರು.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯವನ್ನು ನಾನು ಎಷ್ಟೋ ಸಲ ಓದಿದ್ದೆ. ದೇವರು ನಮ್ಮನ್ನು ಸಂತೈಸುವುದು, ಅದೇ ಸಂತೈಸುವಿಕೆಯಿಂದ ನಾವು ಬೇರೆಯವರನ್ನು ಸಂತೈಸಲಿ ಅಂತ ಎನ್ನುವ ಮಾತು. ಇಲ್ಲಿನ ಸಭಾಪಾಲಕ ಅಯ್ಯನವರು ಒಮ್ಮೆ ತೋರಿಸಿಕೊಟ್ಟರು: ಮೂರರಿಂದ ಏಳನೆಯ ವಚನದೊಳಗೆ ಸಂತೈಸು ಎನ್ನುವ ಆ ಗ್ರೀಕ್ ಪದ ಹತ್ತು ಸಲ ಬರುತ್ತದಂತೆ. ಅದರ ಮೂಲ ಅರ್ಥ ಪಕ್ಕಕ್ಕೆ ಕರೆಯುವುದು. ನನಗೆ ತಟ್ಟನೆ ಆ ಚಾಪೆ ಕಣ್ಣಿಗೆ ಬಂತು. ಅದರ ಮುಂದಿನ ವಚನದಲ್ಲೇ ಪೌಲನು, ಆಸ್ಯ ಸೀಮೆಯಲ್ಲಿ ನಮಗೆ ಬದುಕುವ ಆಸೆಯೇ ಹೋಗಿತ್ತು ಅಂತ ಬಿಚ್ಚಿ ಹೇಳಿಕೊಳ್ಳುತ್ತಾನೆ. ಅವನೂ ದುಃಖ ಮುಚ್ಚಿಟ್ಟವನಲ್ಲ.

ಮತ್ತೆ ಗಂಜಿ ಕೇಂದ್ರದ ಆ ನಗು! ಚಿಕ್ಕಮ್ಮನ ಸತ್ಯವೇದ ನೀರಿನಲ್ಲಿ ಉಬ್ಬಿ ಇಟ್ಟಿಗೆಯ ಹಾಗಾಗಿತ್ತು. ಜೀಪಿನಲ್ಲಿ ಬಂದ ಆ ಹೆಂಗಸು ಪೊರಕೆ ಕಡ್ಡಿ ಹಿಡಿದು ಹಾಳೆ ಹರಿಯದ ಹಾಗೆ ಒಂದೊಂದೇ ಬಿಡಿಸುತ್ತಿದ್ದರು, ನಾನು ನಡುವೆ ಪೇಪರು ಇಡುತ್ತಿದ್ದೆ. ಕೀರ್ತನೆಗಳ ಮಧ್ಯದಿಂದ ಹಳೆಯ 500ರ ನೋಟು ಮೂರು ಬಂದವು. ಕಷ್ಟಕಾಲಕ್ಕಿರಲಿ ಅಂತ ಬಚ್ಚಿಟ್ಟು ಮರೆತದ್ದು, 2016ರಲ್ಲೇ ರದ್ದಾದದ್ದು. ಚಿಕ್ಕಮ್ಮ ನೋಟು ನೋಡಿದರು, ನಮ್ಮ ಮುಖ ನೋಡಿದರು, ಆಮೇಲೆ ನಗಲು ಶುರು ಮಾಡಿದರು. ಪಕ್ಕದ ಚಾಪೆಯ ಮುಸ್ಲಿಂ ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಕ್ಕರು. ನೀನೂ ನಕ್ಕೆ. ಹೋದ ಮನೆ ವಾಪಸ್ ಬರಲಿಲ್ಲ, ಆದರೆ ಆ ರಾತ್ರಿ ಚಿಕ್ಕಮ್ಮ ಒಂದು ಬಟ್ಟಲು ಗಂಜಿ ಕುಡಿದರು. ಎರಡು ದಿನದಿಂದ ಏನೂ ಮುಟ್ಟಿರಲಿಲ್ಲ.

ನಾನು ನರ್ಸ್ ಅಲ್ಲವಾ, ಫಿಲಿಪ್ಪಿಯ ಸೆರೆಮನೆಯ ಕಥೆಯಲ್ಲಿ ನನಗೆ ಭೂಕಂಪಕ್ಕಿಂತ ಬೇರೆಯದೇ ಎದ್ದು ಕಾಣುತ್ತದೆ. ಪೌಲನೂ ಸೀಲನೂ ಏಟು ತಿಂದ ಮೈಯಲ್ಲೇ ನಡುರಾತ್ರಿ ಹಾಡುತ್ತಾರೆ, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ಸೆರೆಯ ಯಜಮಾನ ಅದೇ ರಾತ್ರಿ ಅವರ ಗಾಯ ತೊಳೆದು, ಮನೆಗೆ ಕರೆದೊಯ್ದು ಊಟ ಬಡಿಸುತ್ತಾನೆ. ಮನೆಯವರೆಲ್ಲ ಸಂತೋಷಪಟ್ಟರು ಅಂತ ಇದೆ. ಗಾಯ ಇನ್ನೂ ಹಸಿಯಾಗಿತ್ತು, ಸಂತೋಷವೂ ಅದೇ ಮನೆಯಲ್ಲಿತ್ತು. ಅದೇ ಊರಿನ ಸಭೆಗೆ ಮುಂದೆ ಪೌಲನು ಬೇಡಿಯಲ್ಲಿದ್ದುಕೊಂಡೇ "ಕರ್ತನಲ್ಲಿ ಯಾವಾಗಲೂ ಸಂತೋಷಿಸಿರಿ" ಅಂತ ಬರೆದ. ಅಂಥವನು ಹೇಳಿದರೆ ನಾನು ನಂಬುತ್ತೇನೆ.

ಮೊನ್ನೆ ಭಾನುವಾರ ಇಲ್ಲಿ ತೀರಿಹೋದವರ ನೆನಪಿನ ದಿನ. ಅಡ್ವೆಂಟಿಗೆ ಮುಂಚಿನ ಭಾನುವಾರ ಆ ವರ್ಷ ತೀರಿಕೊಂಡವರ ಹೆಸರು ಓದಿ ಒಬ್ಬೊಬ್ಬರಿಗೂ ಮೇಣದಬತ್ತಿ ಹಚ್ಚುತ್ತಾರೆ. ಅಪ್ಪನ ಹೆಸರೂ ಕೊಟ್ಟಿದ್ದೆ. ಅಯ್ಯನವರು ಮನೆತನದ ಹೆಸರಿನಲ್ಲಿ ಸ್ವಲ್ಪ ತಡವರಿಸಿದರು, ಆದರೂ ಹೇಳಿದರು. ಇಷ್ಟು ದೂರದ ದೇವಾಲಯದಲ್ಲಿ ಅಪ್ಪನ ಹೆಸರು ಕೇಳಿ ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೈ ಹಿಡಿದುಕೊಂಡರು. ಮುಂದಿನ ಹೆಸರು ಅವರ ಗಂಡನದು. ಆಗ ನಾನು ಅವರ ಕೈ ಬಿಗಿಯಾಗಿ ಹಿಡಿದುಕೊಂಡೆ.

ಕೊಡಗಿಗೆ 1853ರಲ್ಲಿ ಬಂದ ಜರ್ಮನ್ ಮಿಷನರಿ ಮೋಗ್ಲಿಂಗ್ ಅಯ್ಯನವರು ಕಡೆಗಾಲದಲ್ಲಿದ್ದ ಎಸ್ಲಿಂಗೆನ್ ಇಲ್ಲಿಗೆ ತೀರಾ ಹತ್ತಿರ. 1881ರಲ್ಲಿ ಅಲ್ಲೇ ತೀರಿಕೊಂಡರು. ರಜೆಯ ದಿನ ರೈಲಿನಲ್ಲಿ ಹೋಗಿ ಬಂದೆ. ದಾರಿಯುದ್ದಕ್ಕೂ ಅವರ ಕಾಲದಲ್ಲಿ ಹುಟ್ಟಿದ ನಮ್ಮ ಆನಂದಪುರವೇ ನೆನಪು. ಜೀತದಲ್ಲಿ ಬೆನ್ನು ಬಾಗಿದ್ದವರು ಕಾಡಿನ ನಡುವೆ ಕಟ್ಟಿಕೊಂಡ ಊರಿನ ಹೆಸರಿನಲ್ಲೇ ಆನಂದ ಇದೆ.

ಈ ವಾರ ಕೂಟಕ್ಕೆ ಹೋಗಮ್ಮ. ಇನ್ನೊಂದು ಮಾತು. ತೋಟದ ಕೆಲಸದವರ ಲೈನ್‌ಮನೆಯಲ್ಲಿ ಒಬ್ಬಳ ಗಂಡನನ್ನು ಆನೆ ತುಳಿದು ಕೊಂದಿತು ಅಂದೆಯಲ್ಲ, ಅವಳ ಹತ್ತಿರ ಹೋಗಿ ಬಾ. ಬುದ್ಧಿಮಾತು ಏನೂ ಬೇಡ, ಒಂದು ಫ್ಲಾಸ್ಕ್ ಕಾಫಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತ್ಕೋ. ಮರಣ ಪತ್ರ ಕೈಗೆ ಬಂತಾ, ಪರಿಹಾರದ ಅರ್ಜಿ ಬರೆಯುವವರು ಯಾರಾದರೂ ಇದ್ದಾರಾ ಅಂತ ಕೇಳು. ಅಪ್ಪನ ಕಾಗದಗಳಿಗೆ ನೀನು ಅಲೆದಿದ್ದೀಯಲ್ಲ, ಯಾವ ಮೇಜಿಗೆ ಹೋಗಬೇಕು ಅಂತ ನಿನಗೆ ಗೊತ್ತು. ಅವಳು ಅತ್ತರೆ ನೀನೂ ಅಳು.

ಹೊತ್ತು ಮುಳುಗುವ ಮೊದಲೇ ಹೊರಡು. ಅಪ್ಪನ ದೊಡ್ಡ ಟಾರ್ಚ್ ಹೊಸ ಸೆಲ್ ಹಾಕಿ ಕೈಯಲ್ಲಿಟ್ಟುಕೋ, ತೋಟದ ದಾರಿಯಲ್ಲಿ ಒಬ್ಬಳೇ ಬರಬೇಡ.

ನಿನ್ನ ಮಗಳು