ಮಾತುಕತೆಗೆ ಯಾರ್ಡಿನ ಮಾಲೀಕರೂ ಬರಲಿ

ಮಾನ್ಯ ಸಂಪಾದಕರೇ,

ಕಾರ್ಮಿಕರು ಮುಷ್ಕರ ಹೂಡುವುದರಿಂದಲೇ ಶಿಪ್‌ಯಾರ್ಡುಗಳು ಹಾಳುಬೀಳುತ್ತವೆ ಎಂಬ ಮಾತು ನಮ್ಮ ಕಾರವಾರದಲ್ಲೂ ಆಗಾಗ ಕಿವಿಗೆ ಬೀಳುತ್ತದೆ. ಹೊರಜಿಲ್ಲೆಯ ಒಂದು ಖಾಸಗಿ ಯಾರ್ಡಿನಲ್ಲಿ ಹನ್ನೊಂದು ವರ್ಷ ಗುತ್ತಿಗೆ ವೆಲ್ಡರ್ ಆಗಿದ್ದವನು ನಾನು. ಅಲ್ಲಿ ಒಮ್ಮೆ ಮೂರು ವಾರ ಕೆಲಸ ನಿಂತಿತ್ತು.

ನಾವು ಜಾಸ್ತಿ ಏನೂ ಕೇಳಿರಲಿಲ್ಲ. ಎರಡು ತಿಂಗಳ ಓವರ್‌ಟೈಮ್ ಹಣ, ಪಿಎಫ್ ಲೆಕ್ಕ, ಅಷ್ಟೇ. ಕಂಪನಿ ಬಿಲ್ ಪಾಸ್ ಮಾಡಿಲ್ಲ ಎಂದರು ಗುತ್ತಿಗೆದಾರರು. ನೀವು ನಮ್ಮ ಕೆಲಸದವರೇ ಅಲ್ಲ ಎಂದರು ಕಂಪನಿಯವರು. ಹಾಗಾದರೆ ನಾವು ಯಾರ ಹತ್ತಿರ ಮಾತಾಡಬೇಕಿತ್ತು? ಅದು ಮಳೆಗಾಲ ಬೇರೆ. ಅರ್ಧ ಕಟ್ಟಿದ ಬಾರ್ಜ್, ಅಂದರೆ ಸರಕು ಸಾಗಿಸುವ ಚಪ್ಪಟೆ ತಳದ ದೋಣಿ, ನೆನೆಯುತ್ತ ನಿಂತಿತ್ತು. ಉಪ್ಪುಗಾಳಿಗೆ ಪ್ರೈಮರ್ (ತಳಬಣ್ಣ) ಎದ್ದು, ಬೆಸುಗೆ ಹಾಕದೆ ಬಿಟ್ಟ ಅಂಚುಗಳೆಲ್ಲ ತುಕ್ಕು ಹಿಡಿದಿದ್ದವು. ವೆಲ್ಡಿಂಗ್ ರಾಡುಗಳಿಗೂ ತೇವ. ಕೆಲಸಕ್ಕೆ ಮರಳಿ ಹೋದ ಮೇಲೆ ಎಷ್ಟೋ ದಿನ ಆ ತುಕ್ಕು ಉಜ್ಜಿ ತೆಗೆಯಲು ಬರೀ ಗ್ರೈಂಡಿಂಗ್ ಮಾಡಿದೆವು. ಗೇಟಿನ ಎದುರು ಚಹಾ ಮಾರುತ್ತಿದ್ದ ಅಕ್ಕ ಅಷ್ಟರಲ್ಲಿ ಅಂಗಡಿ ಮುಚ್ಚಿ ಊರಿಗೆ ಹೋಗಿದ್ದರು. ನಮ್ಮಲ್ಲಿ ನಾಲ್ವರಿಗೆ ಗೇಟ್ ಪಾಸ್ ಮತ್ತೆ ಸಿಗಲೇ ಇಲ್ಲ. ಕಂಪನಿಯವರು ಮೊದಲ ದಿನವೇ ಬಂದು ಕೂತಿದ್ದರೆ ಇದೆಲ್ಲ ತಪ್ಪುತ್ತಿತ್ತು ಅಲ್ವಾ?

ದಕ್ಷಿಣ ಕೊರಿಯಾದಲ್ಲೂ ಆದದ್ದು ಇದೇ. ಗೋಜೆ ದ್ವೀಪದ ದೇವೂ ಯಾರ್ಡಿನಲ್ಲಿ 2022ರ ಜೂನ್‌ನಿಂದ ಗುತ್ತಿಗೆ ಕಾರ್ಮಿಕರು 51 ದಿನ ಮುಷ್ಕರ ಮಾಡಿದರು. ಹಡಗು ಉದ್ಯಮ ಕುಸಿದಾಗ ಕಡಿತವಾದ ಸಂಬಳಕ್ಕೆ ಶೇ 30ರಷ್ಟು ಏರಿಕೆ ಕೇಳಿದ್ದರು. ಒಬ್ಬ ಕಾರ್ಮಿಕ ಡಾಕ್‌ನಲ್ಲಿದ್ದ ಹಡಗಿನೊಳಗೆ ಒಂದು ಮೀಟರ್ ಅಗಲದ ಕಬ್ಬಿಣದ ಪಂಜರದಲ್ಲಿ ತನ್ನನ್ನೇ ಕೂಡಿಹಾಕಿಕೊಂಡರು. ಹಡಗನ್ನು ನೀರಿಗಿಳಿಸುವುದು ನಿಂತುಹೋಯಿತು. ಕೊನೆಗೆ ಸಿಕ್ಕಿದ್ದು ಶೇ 4.5. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಆ ದೇಶ ಅದನ್ನು ಮರೆಯಲಿಲ್ಲ. ಗುತ್ತಿಗೆ ಕಾರ್ಮಿಕರ ಜೊತೆ ಮೂಲ ಕಂಪನಿಯೂ ಮಾತುಕತೆಗೆ ಕೂರಬೇಕಾಗುವಂಥ ಕಾನೂನನ್ನು ಅಲ್ಲಿನ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು.

ಇನ್ನು ಯಾರ್ಡ್ ಖಾಲಿ ಬೀಳುವುದಕ್ಕೆ ಮುಷ್ಕರವೇ ಬೇಕೆಂದಿಲ್ಲ. ಮಲ್ಪೆಯ ತೆಬ್ಮಾ ಯಾರ್ಡ್ ಸೊರಗಿದ್ದು ಸಾಲದಿಂದ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡಿತು. ಆಮೇಲೆ ಅಲ್ಲಿಗೆ ನಾರ್ವೆಯಿಂದಲೂ ಹಡಗಿನ ಆರ್ಡರ್ ಬಂತು. ಇದು ಖುಷಿಯ ವಿಷಯ.

ನಮ್ಮ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ನೋಟಿಸ್ ಕೊಟ್ಟು 14 ದಿನ ಆಗುವವರೆಗೆ ಮುಷ್ಕರ ಹೂಡುವಂತಿಲ್ಲ. ಆ 14 ದಿನವನ್ನು ಸುಮ್ನೆ ಕಳೆಯಬಾರದು. ಕಾರ್ಮಿಕ ಇಲಾಖೆಯವರು ಗುತ್ತಿಗೆದಾರರ ಜೊತೆಗೆ ಯಾರ್ಡಿನ ಮಾಲೀಕರನ್ನೂ ಕರೆಸಲಿ. ಕಾರವಾರ, ಅಂಕೋಲಾ, ಕುಮಟಾದ ಹುಡುಗರು ಐಟಿಐ ಮುಗಿಸಿ ಈ ಕೆಲಸಕ್ಕೆ ಹೋಗುತ್ತಿದ್ದಾರೆ. ನನ್ನ ತಂಗಿಯ ಮಗನೂ ಮುಂದಿನ ತಿಂಗಳು ಹೊರಟಿದ್ದಾನೆ, ಗುತ್ತಿಗೆಯ ಮೇಲೆಯೇ.

– ಒಬ್ಬ ಹಳೆಯ ವೆಲ್ಡರ್, ಕೋಡಿಬಾಗ, ಕಾರವಾರ